ಕಣ್ಣಂಚಿನ ತೂತು ಕೊರೆದವರು ಯಾರು?

(ಮಾಟುಂಗಾದಲ್ಲಿ ಒಂದು ಭಾನುವಾರ ಸಂಜೆ ಕನ್ನಡ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಹೊತ್ತು ಸಾಲದೆ ಬಿಟ್ಟದ್ದನ್ನು ಇಲ್ಲಿ ಸೇರಿಸಿದ್ದೇನೆ.)

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಕರೆಯೋಲೆಯಲ್ಲಿ ನನ್ನ ಹೆಸರಿನ ಹಿಂದೆ 'ಡಾ.' ಅಂತ ಅಚ್ಚಾಗಿದೆ. ಅದು ಪ್ರೆಸ್ಸಿನವರು ಪುಕ್ಕಟೆ ಕೊಟ್ಟ ಪದವಿ. ನಾನು ಕುಂದಾಪುರದ ಕಡೆಯಿಂದ ಮುಂಬೈಗೆ ಬಂದದ್ದು ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು. ರಾತ್ರಿ ಶಾಲೆಯಲ್ಲಿ ಓದಿದೆ, ಲ್ಯಾಬ್ ಕೋರ್ಸ್ ಮಾಡಿದೆ, ಒಂದು ಆಸ್ಪತ್ರೆಯ ಪೆಥಾಲಜಿ ವಿಭಾಗ ಸೇರಿದೆ. ಆಮೇಲೆ 34 ವರ್ಷ ಒಂದೇ ಕೆಲಸ. ರೋಗಿಯ ಮೈಯಿಂದ ತೆಗೆದ ತುಂಡನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ ಕೊಡುವುದು. ಒಂದು ಪದರ ಸುಮಾರು 4 ಮೈಕ್ರಾನ್ ದಪ್ಪ. ತಲೆಗೂದಲು ಅಂದಾಜು 70 ಮೈಕ್ರಾನ್ ಇರುತ್ತದೆ, ಅದಕ್ಕೆ ಹೋಲಿಸಿ ನೋಡಿ. ನಮ್ಮ ಅಮ್ಮನ ನೀರುದೋಸೆಗೂ ಅಷ್ಟು ತೆಳುವಾಗಲು ಸಾಧ್ಯವಿರಲಿಲ್ಲ.

ಗಾಜು ನೋಡಿ ರೋಗ ಹೇಳುವುದು ಡಾಕ್ಟರ ಕೆಲಸ. ಆದರೆ ನಮ್ಮಲ್ಲಿ ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್ ಇತ್ತು. ಡಾಕ್ಟರಿಗೆ ಬಿಡುವಿದ್ದಾಗ ಆ ಕಡೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ತೋರಿಸುತ್ತಿದ್ದರು. ಇವತ್ತು ಹೇಳುವುದರಲ್ಲಿ ಹೆಚ್ಚಿನದು ಆ ಕುರ್ಚಿಯಲ್ಲಿ ಕೂತು ಕಲಿತದ್ದು.

ವಿಷಯ ಫಿಸ್ಟುಲಾ. ಹೆಸರು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಲೋಕಲ್ ರೈಲಿನ ಡಬ್ಬಿಯಲ್ಲಿ ಅಂಟಿಸಿದ ಚೀಟಿಗಳ ಪ್ರಭಾವ, ಗೊತ್ತು. ಇದು ಗುದದ ಬಳಿ ಆಗುವ ಆ ಫಿಸ್ಟುಲಾ ಅಲ್ಲ. ಲ್ಯಾಟಿನ್‌ನಲ್ಲಿ ಆ ಶಬ್ದಕ್ಕೆ ಕೊಳವೆ, ಕೊಳಲು ಎಂಬ ಅರ್ಥ. ಇರಬಾರದ ಕಡೆ ಒಂದು ಕೊಳವೆ ಹುಟ್ಟಿಕೊಂಡರೆ ಅದು ಫಿಸ್ಟುಲಾ. ಮೈಯಲ್ಲಿ ಎಲ್ಲಿ ಬೇಕಾದರೂ ಆಗಬಹುದು. ನಾನು ಹೇಳುವುದು ಕಣ್ಣಿನ ಒಳ ಮೂಲೆಯ ಕೆಳಗೆ, ಮೂಗಿನ ಪಕ್ಕ ಆಗುವ ತೂತಿನ ಬಗ್ಗೆ.

ಈ ತೂತನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ನನ್ನ ದೊಡ್ಡಮ್ಮನ ಎಡಗಣ್ಣಿನಿಂದ ವರ್ಷವಿಡೀ ನೀರು ಬರುತ್ತಿತ್ತು. ಸೀರೆಯ ಸೆರಗಿನ ತುದಿ ಯಾವಾಗಲೂ ಒದ್ದೆ. ನಾವು ಹುಡುಗರು ಅವಳು ಅಳುತ್ತಿದ್ದಾಳೆ ಅಂತಲೇ ತಿಳಿದಿದ್ದೆವು. ಒಂದು ಮಳೆಗಾಲ ಮೂಗಿನ ಪಕ್ಕ ಕೆಂಪಗೆ ಬಾತುಕೊಂಡಿತು. ಕಣ್ಣಕುರು ಅಂದುಕೊಂಡು ಬೆರಳನ್ನು ಅಂಗೈಗೆ ಉಜ್ಜಿ ಕಾವು ಕೊಟ್ಟರು, ಅರಿಶಿನ ಸುಣ್ಣ ಹಚ್ಚಿದರು. ನಾಲ್ಕನೇ ದಿನ ಅದು ಒಡೆದು ಕೀವು ಹರಿಯಿತು. ನೋವು ಇಳಿಯಿತು, ಆದರೆ ತೂತು ಉಳಿಯಿತು. ಅಲ್ಲಿಂದಲೇ ಹನಿ ಹನಿ ಜಿನುಗುವುದು. ನಾಗದೋಷ ಅಂದರು, ಆಶ್ಲೇಷಾ ಬಲಿಯೂ ಆಯಿತು. ತೂತು ಮಾತ್ರ ಅವಳ ಜೊತೆಗೇ ಹೋಯಿತು.

ಈಗ ಕಣ್ಣೀರಿನ ದಾರಿ ನೋಡೋಣ. ನೀರು ಹುಟ್ಟುವುದು ಕಣ್ಣಿನ ಮೇಲೆ, ಹೊರ ಮೂಲೆಯ ಗ್ರಂಥಿಯಲ್ಲಿ. ನಿಮಿಷಕ್ಕೆ ಒಂದು ಮೈಕ್ರೋಲೀಟರ್ ಆಸುಪಾಸು. ಅದು ಕಣ್ಣನ್ನು ಒರೆಸಿಕೊಂಡು ಒಳ ಮೂಲೆಗೆ ಬರುತ್ತದೆ. ಅಲ್ಲಿ ಮೇಲಿನ ರೆಪ್ಪೆಯಲ್ಲೊಂದು, ಕೆಳಗಿನದರಲ್ಲೊಂದು ಸೂಜಿಮೊನೆಯಷ್ಟು ರಂಧ್ರ. ಕನ್ನಡಿಯ ಮುಂದೆ ಕೆಳ ರೆಪ್ಪೆ ಸ್ವಲ್ಪ ಜಗ್ಗಿದರೆ ನಿಮಗೇ ಕಾಣುತ್ತದೆ. ಅಲ್ಲಿಂದ ಒಂದು ಸೆಂಟಿಮೀಟರ್ ಉದ್ದದ ಸಣ್ಣ ಕಾಲುವೆ. ಆಮೇಲೆ ಕಣ್ಣೀರಿನ ಚೀಲ. ಚೀಲದ ಕೆಳಗೆ ಎಲುಬಿನೊಳಗಿನ ಕೊಳವೆ, ಅದು ಮೂಗಿನೊಳಗೆ ತೆರೆಯುತ್ತದೆ. ಅತ್ತಾಗ ಮೂಗು ಸೋರುವುದು, ಕಣ್ಣಿಗೆ ಹಾಕಿದ ಔಷಧ ಗಂಟಲಲ್ಲಿ ಕಹಿಯಾಗುವುದು ಇದಕ್ಕೇ.

ಆ ಎಲುಬಿನ ಕೊಳವೆ ಕಟ್ಟಿಕೊಂಡರೆ ಚೀಲ ನಿಂತ ನೀರಿನ ಹೊಂಡ. ಮಳೆ ಬಂದರೆ ನೀರು ನಿಲ್ಲುವ ಮುಂಬೈಯ ಹಿಂದ್‌ಮಾತಾ ಅನ್ನಿ, ಈ ಸಭೆಯಲ್ಲಿ ಬೇರೆ ವಿವರಣೆ ಬೇಡ. ಹೆಂಗಸರಲ್ಲಿ, ಅದರಲ್ಲೂ ನಡುವಯಸ್ಸು ದಾಟಿದವರಲ್ಲಿ ಇದು ಜಾಸ್ತಿ. ಅವರಲ್ಲಿ ಆ ಕೊಳವೆ ತುಸು ಕಿರಿದು ಎನ್ನುವುದು ಒಂದು ಕಾರಣ. ಆದರೆ ಕಟ್ಟಿಕೊಳ್ಳುವುದು ಕಸದಿಂದ ಅಲ್ಲ. 1986ರಲ್ಲಿ ಲಿನ್‌ಬರ್ಗ್ ಮತ್ತು ಮೆಕಾರ್ಮಿಕ್ ಎಂಬ ಅಮೆರಿಕದ ಇಬ್ಬರು ಡಾಕ್ಟರುಗಳು ಇಂಥ ಕೊಳವೆಗಳ ತುಂಡು ತೆಗೆದು ನೋಡಿದರು. ಹೊಸದಾಗಿ ಕಟ್ಟಿಕೊಂಡವುಗಳಲ್ಲಿ ಬಾವು ಮತ್ತು ಬಿಳಿ ರಕ್ತಕಣಗಳ ಗುಂಪು ಕಂಡಿತು. ಹಳೆಯವುಗಳಲ್ಲಿ ಬರೀ ನಾರು, ಗಾಯದ ಗುರುತು. ಅಂದರೆ ಉರಿಯೂತವೇ ಕೊಳವೆಯ ಗೋಡೆಯನ್ನು ಊದಿಸಿ, ಮೆಲ್ಲಗೆ ಅಂಟಿಸಿ, ಕೊನೆಗೆ ಗಾರೆ ಹಾಕಿದಂತೆ ಮುಚ್ಚಿಬಿಡುತ್ತದೆ. ಕೊಳವೆಯ ಸುತ್ತ ರಕ್ತನಾಳಗಳ ಒಂದು ದಟ್ಟ ಬಲೆಯೂ ಇದೆ. ನೆಗಡಿಯಾದಾಗ ಮೂಗು ಕಟ್ಟುವ ಹಾಗೆ ಅದೂ ಊದಿಕೊಳ್ಳುತ್ತದೆ.

ನಿಂತ ನೀರಿಗೆ ಬ್ಯಾಕ್ಟೀರಿಯಾ ಬರುತ್ತವೆ. ಸ್ಟೆಫಿಲೋಕಾಕಸ್, ನ್ಯೂಮೋಕಾಕಸ್, ಕೆಲವೊಮ್ಮೆ ಸ್ಯೂಡೊಮೋನಾಸ್. ಕಣ್ಣೀರೇನೂ ಸುಮ್ನೆ ನೀರಲ್ಲ. ಅದರಲ್ಲಿ ಲೈಸೊಜೈಮ್ ಇದೆ, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ವಸ್ತು. ಪೆನಿಸಿಲಿನ್‌ನ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲು, 1922ರಲ್ಲಿ, ಇದರ ಬಗ್ಗೆ ಬರೆದರು. ಪರೀಕ್ಷೆಗೆ ಕಣ್ಣೀರು ಬೇಕೆಂದು ಜನರ ಕಣ್ಣಿಗೆ ನಿಂಬೆರಸ ಹಿಂಡಿಸುತ್ತಿದ್ದರಂತೆ. ಚೀಲದ ಗೋಡೆಯಲ್ಲೂ ಲಿಂಫೊಸೈಟ್ ಎಂಬ ಕಾವಲಿನ ಕಣಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತವೆ. ಹರಿಯುವ ನೀರಿಗೆ ಈ ಕಾವಲು ಸಾಕು. ನಿಂತ ನೀರಿಗೆ ಸಾಲುವುದಿಲ್ಲ.

ಈಗ ನನ್ನ ಪ್ರೀತಿಯ ಭಾಗಕ್ಕೆ ಬಂದೆ. ಡಾಕ್ಟರು ಮೊದಲು ತೋರಿಸಿಕೊಟ್ಟ ಕಣ ನ್ಯೂಟ್ರೋಫಿಲ್. ಅದರ ಬೀಜ, ಅಂದರೆ ನ್ಯೂಕ್ಲಿಯಸ್, ಮೂರು, ನಾಲ್ಕು ಉಂಡೆಗಳನ್ನು ನೂಲಿನಿಂದ ಪೋಣಿಸಿದ ಹಾಗೆ ಕಾಣುತ್ತದೆ. ರಕ್ತದ ಬಿಳಿ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಚೀಲದಲ್ಲಿ ಗಲಾಟೆ ಎಂದು ರಾಸಾಯನಿಕ ಕೂಗು ಎದ್ದ ಕೂಡಲೇ ಹತ್ತಿರದ ರಕ್ತನಾಳ ಹಿಗ್ಗುತ್ತದೆ, ಒಳಗೋಡೆ ಅಂಟಂಟಾಗುತ್ತದೆ. ರಭಸದಲ್ಲಿ ಹೋಗುತ್ತಿದ್ದ ನ್ಯೂಟ್ರೋಫಿಲ್ ಗೋಡೆಗೆ ತಾಗಿ ಉರುಳುತ್ತದೆ, ನಿಧಾನವಾಗುತ್ತದೆ, ಹಿಡಿದುಕೊಳ್ಳುತ್ತದೆ, ಆಮೇಲೆ ಗೋಡೆಯ ಸಂದಿಯಲ್ಲಿ ಮೈ ಹಿಂಡಿಕೊಂಡು ಹೊರಗೆ ಬರುತ್ತದೆ. ಕಿಕ್ಕಿರಿದ ವಿರಾರ್ ಫಾಸ್ಟ್ ಲೋಕಲಿನಿಂದ ದಾದರಿನಲ್ಲಿ ಇಳಿದವರಿಗೆ ಈ ವಿದ್ಯೆ ಗೊತ್ತು. ಬಿಳಿ ಕಣಗಳು ಹೀಗೆ ನಾಳದಿಂದ ಹೊರಬರುವುದನ್ನು 1867ರಲ್ಲಿ ಜರ್ಮನಿಯ ಕೋನ್‌ಹೈಮ್ ಕಪ್ಪೆಯಲ್ಲಿ ವಿವರವಾಗಿ ತೋರಿಸಿದ. ನಾಳ ಹಿಗ್ಗಿದ್ದರಿಂದ ಕೆಂಪು ಮತ್ತು ಬಿಸಿ. ನೀರು ಸೋರಿದ್ದರಿಂದ ಬಾವು. ಒತ್ತಡದಿಂದ, ಆ ರಾಸಾಯನಿಕಗಳಿಂದ ನೋವು. ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷಗಳ ಹಿಂದೆ ಬರೆದಿಟ್ಟ ನಾಲ್ಕು ಲಕ್ಷಣಗಳೂ ಇವೇ. ದೊಡ್ಡಮ್ಮನಿಗೆ ನಾಲ್ಕೂ ಇದ್ದವು.

ಹೊರಗೆ ಬಂದ ಕಣ ಮಾಡುವುದೇನು? ನುಂಗುತ್ತದೆ. ಇದನ್ನು ಕಂಡುಕೊಂಡವರು ರಷ್ಯಾದ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಸಮುದ್ರದ ದಂಡೆಯ ಮನೆ. ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದರು. ಇವರು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ತೋಟದಿಂದ ತಂದ ಒಂದು ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಅಲೆದಾಡುವ ಕಣಗಳು ಮುತ್ತಿಕೊಂಡಿದ್ದವು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ಸಿಸಿಲಿಯ ಕಥೆ ನಮಗೇಕೆ ಅನ್ನಬೇಡಿ. ಅದರ ಒಂದು ಎಳೆ ಇಲ್ಲೇ ಪರೇಲಿನಲ್ಲಿದೆ. ಒಡೆಸಾದಲ್ಲಿ ಮೆಚ್ನಿಕಾಫ್ ಕೈಕೆಳಗೆ ಕಲಿತ ಹುಡುಗ ವಾಲ್ಡೆಮಾರ್ ಹಾಫ್ಕಿನ್. 1896ರಲ್ಲಿ ಪ್ಲೇಗ್ ಬಂದಾಗ ಅವರನ್ನು ಮುಂಬೈಗೆ ಕರೆಸಿದರು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಸಣ್ಣ ಕೋಣೆಯಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಆಮೇಲೆ ಬೈಕುಲಾ ಜೈಲಿನಲ್ಲಿ ಮುಂದೆ ಬಂದವರಿಗೆ ಕೊಟ್ಟರು. 1899ರಲ್ಲಿ ಅವರ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂತು. ಇವತ್ತಿನ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಅದೇ. ಮಾಟುಂಗಾದಿಂದ ಹತ್ತು ನಿಮಿಷದ ದಾರಿ, ಟ್ರಾಫಿಕ್ ಇಲ್ಲದಿದ್ದರೆ. ಅಂದರೆ ಎಂದೂ ಅಲ್ಲ.

ತೂತಿಗೆ ಮರಳೋಣ. ನ್ಯೂಟ್ರೋಫಿಲ್ ನುಂಗುವುದು ಮಾತ್ರವಲ್ಲ. ತನ್ನ ಹೊಟ್ಟೆಯ ಚೀಲಗಳಿಂದ ಕರಗಿಸುವ ಕಿಣ್ವಗಳನ್ನು ಸುರಿಯುತ್ತದೆ. ಕೆಲವು ತಮ್ಮ ಡಿಎನ್ಎಯನ್ನೇ ಬಲೆಯಂತೆ ಹೊರಗೆ ಚೆಲ್ಲಿ ಬ್ಯಾಕ್ಟೀರಿಯಾವನ್ನು ಸಿಕ್ಕಿಸುತ್ತವೆ. ಇದು ತಿಳಿದದ್ದು 2004ರಲ್ಲಿ, ನಾನು ಕೆಲಸಕ್ಕೆ ಸೇರಿ ಎಷ್ಟೋ ಕಾಲದ ಮೇಲೆ. ಆ ಕಿಣ್ವಗಳಿಗೆ ಶತ್ರು ಯಾರು, ಮನೆಯವರು ಯಾರು ಅಂತ ಗುರುತಿಲ್ಲ. ಬ್ಯಾಕ್ಟೀರಿಯಾ ಕರಗುವ ಜೊತೆಗೆ ಚೀಲದ ಗೋಡೆಯೂ, ಅಕ್ಕಪಕ್ಕದ ನಾರೂ ಕರಗುತ್ತವೆ. ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಅದರ ಹಸಿರು ಛಾಯೆಯೂ ಅವುಗಳದ್ದೇ ಒಂದು ಕಿಣ್ವದ ಬಣ್ಣ. ಮೂಗಿನೊಳಗಿನ ದಾರಿ ಮುಚ್ಚಿದೆ. ಚೀಲದ ಮೇಲ್ಭಾಗದಲ್ಲಿ ರೆಪ್ಪೆಯ ಗಟ್ಟಿ ಪಟ್ಟಿಯೊಂದು ಅಡ್ಡ ಹಾದಿದೆ. ಕೀವಿಗೆ ಮೆದುವಾದ ಜಾಗ ಸಿಗುವುದು ಆ ಪಟ್ಟಿಯ ಕೆಳಗೆ, ಚರ್ಮದ ಕಡೆಗೆ. ಅದಕ್ಕೇ ಈ ತೂತು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಬರುವುದು. ಬಾವು ಪಟ್ಟಿಯ ಮೇಲ್ಗಡೆ ಬಂದರೆ, ಅದರಲ್ಲೂ ಗಟ್ಟಿಯಾಗಿದ್ದರೆ, ಗೆಡ್ಡೆ ಇರಬಹುದೇ ಅಂತ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ.

ಹಾಗಾದರೆ ತೂತು ಕೊರೆದವರು ಯಾರು? ನಮ್ಮವರೇ. ಬೇರೆ ಬಾಗಿಲು ಸಿಗದೆ ಕೊರೆದರು. ಒಡೆದ ಮೇಲೆ ನೋವು ಇಳಿಯುವುದೂ ಅದಕ್ಕೇ.

ಒಡೆದ ಗಾಯ ಮಾಯಬೇಕು, ಅಲ್ವಾ? ಇಲ್ಲಿ ಎರಡನೇ ಪಾಳಿಯವರು ಬರುತ್ತಾರೆ. ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಹೆಣ ಸಾಗಿಸುತ್ತವೆ, ಕಸ ಗುಡಿಸುತ್ತವೆ, ಕಟ್ಟುವವರನ್ನು ಕರೆಯುತ್ತವೆ. ಲಿಂಫೊಸೈಟ್‌ಗಳು ಜಮಾಯಿಸುತ್ತವೆ. ಪ್ಲಾಸ್ಮಾ ಕಣಗಳು ಪ್ರತಿಕಾಯ ತಯಾರಿಸುತ್ತವೆ. ಇವುಗಳ ಬೀಜ ಒಂದು ಬದಿಗೆ ಸರಿದು ಗಡಿಯಾರದ ಮುಖದಂತೆ ಕಾಣುತ್ತದೆ. ನನಗೆ ನೋಡಲು ಅತಿ ಚೆಂದದ ಕಣ ಅದೇ. ಹೊಸ ರಕ್ತನಾಳ, ಹೊಸ ನಾರು ಹುಟ್ಟುತ್ತವೆ. ಆದರೆ ಕೆಳಗಿನ ಕೊಳವೆ ಇನ್ನೂ ಮುಚ್ಚಿಯೇ ಇದೆ. ಕಣ್ಣೀರು ಬರುತ್ತಲೇ ಇದೆ. ಅದು ತೂತಿನ ಮೂಲಕ ಹರಿಯುತ್ತದೆ, ಹರಿಯುವಷ್ಟು ದಿನ ತೂತು ಕೂಡಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಹೀಗೇ ಇದ್ದರೆ ಹೊರಗಿನ ಚರ್ಮದ ಪದರ ಒಳಕ್ಕೆ ತೆವಳಿ ದಾರಿಯ ಗೋಡೆಗೆ ಹೊದಿಕೆ ಹಾಕುತ್ತದೆ. ಆಮೇಲೆ ಮೈ ಅದನ್ನು ಗಾಯ ಅಂತ ಎಣಿಸುವುದನ್ನೇ ಬಿಡುತ್ತದೆ.

ಡೊಂಬಿವಲಿ ಕಡೆ ಊಟದ ಮೆಸ್ ನಡೆಸುವ ನಮ್ಮೂರ ಕಡೆಯ ಹೆಂಗಸೊಬ್ಬರ ತೂತನ್ನು ಎರಡು ಸಲ ಹೊಲಿದಿದ್ದರು. ಎಲ್ಲಿ, ಯಾರು ಅನ್ನುವುದು ಬೇಡ. ಎರಡು ಸಲವೂ ಕೆಲವೇ ವಾರಗಳಲ್ಲಿ ಬಾತು, ಹೊಲಿಗೆ ಹರಿದು, ಮತ್ತೆ ಕೀವು. ಮ್ಯಾನ್‌ಹೋಲಿನ ಮುಚ್ಚಳ ಬಿಗಿಮಾಡಿದರೆ ಗಟಾರ ಇಳಿಯುತ್ತದೆಯೇ? ಮೂರನೇ ಸಲ ಅವರು ಬಂದದ್ದು ನಮ್ಮಲ್ಲಿಗೆ. ಮೊದಲು ಔಷಧ ಕೊಟ್ಟು ಉರಿಯೂತ ಇಳಿಸಿದರು. ಬಾವು ಕುದಿಯುತ್ತಿರುವಾಗ ಕೊಳವೆಯೊಳಗೆ ಸಲಾಕೆ ಹಾಕುವುದಿಲ್ಲ. ಆಮೇಲೆ ಡಿಸಿಆರ್ ಆಪರೇಷನ್. ಚೀಲದ ಪಕ್ಕದ ಎಲುಬಿನಲ್ಲಿ ಕಿಟಕಿ ತೆಗೆದು ಚೀಲವನ್ನು ನೇರವಾಗಿ ಮೂಗಿಗೆ ಸೇರಿಸುವುದು. ಫ್ಲಾರೆನ್ಸಿನ ಟೋಟಿ 1904ರಲ್ಲಿ ಇದರ ದಾರಿ ತೋರಿಸಿದರು. ಈಗ ದುರ್ಬೀನಿನಿಂದ, ಅಂದರೆ ಎಂಡೋಸ್ಕೋಪಿನಿಂದ, ಮೂಗಿನ ಒಳಗಿಂದಲೇ ಮಾಡುವುದೂ ಇದೆ, ಮುಖದ ಮೇಲೆ ಗೀರು ಬೀಳುವುದಿಲ್ಲ. ನುರಿತ ಕೈಯಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಯಶಸ್ಸು. ಒಳದಾರಿ ತೆರೆದರೆ ಎಷ್ಟೋ ಹೊಸ ತೂತುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಇವರದು ಹಳೆಯದಾದ್ದರಿಂದ ಆ ಹೊದಿಕೆಯ ಕೊಳವೆಯನ್ನೂ ಕತ್ತರಿಸಿ ತೆಗೆದರು. ಅದು ನನ್ನ ಮೇಜಿಗೆ ಬಂತು.

ತೆಗೆದ ತುಂಡನ್ನು ಎಲ್ಲರೂ ಪೆಥಾಲಜಿಗೆ ಕಳಿಸುವುದಿಲ್ಲ. ನೋಡಲು ಮಾಮೂಲಿ ಇದ್ದರೆ ಯಾಕೆ ಸುಮ್ನೆ ಖರ್ಚು ಅನ್ನುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ, ಬಹುಪಾಲು ತುಂಡುಗಳಲ್ಲಿ ಕಾಣುವುದು ಹಳೆಯ ಉರಿಯೂತವೇ. ನಾನು ಮಾತ್ರ ಕಳಿಸಿ ಅನ್ನುವ ಪಕ್ಷ. ಹೊಟ್ಟೆಪಾಡಿನ ಮಾತಲ್ಲ, ನಿವೃತ್ತನಾಗಿದ್ದೇನೆ. ಕಣಗಳು ಬೇರೆ ಕಥೆ ಹೇಳುವುದೂ ಉಂಟು.

ಮ್ಯಾಕ್ರೋಫೇಜ್‌ಗಳು ಒಂದಕ್ಕೊಂದು ಕೂಡಿ, ಕುದುರೆ ಲಾಳದಂತೆ ಬೀಜಗಳನ್ನು ಜೋಡಿಸಿಕೊಂಡ ದೈತ್ಯ ಕಣಗಳಾಗಿ, ನಡುವೆ ಸತ್ತ ಅಂಗಾಂಶ ಗಿಣ್ಣಿನಂತೆ ಕೂತಿದ್ದರೆ ಕ್ಷಯ ಇರಬೇಕು ಅಂತ ಅನುಮಾನ. ಕಣ್ಣೀರಿನ ಚೀಲದಲ್ಲಿ ಅಪರೂಪ, ಆದರೆ ಬರುತ್ತದೆ. ಇನ್ನೊಂದು ನಮ್ಮ ಕರಾವಳಿಯವರಿಗೆ ಗೊತ್ತಿರಬೇಕಾದದ್ದು, ರೈನೊಸ್ಪೊರಿಡಿಯೋಸಿಸ್. ನಿಂತ ನೀರಿನ ಕೆರೆ, ಮದಗಗಳಲ್ಲಿ ಮೀಯುವವರಿಗೆ ಬರುವಂಥದ್ದು. ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಜಾಸ್ತಿ. ಮೂಗಿನಲ್ಲಿ, ಕೆಲವೊಮ್ಮೆ ಕಣ್ಣೀರಿನ ಚೀಲದಲ್ಲಿ ಮುಟ್ಟಿದರೆ ರಕ್ತ ಸುರಿಯುವ ಕೆಂಪು ಮಾಂಸ ಬೆಳೆಯುತ್ತದೆ. ಗಾಜಿನ ಮೇಲೆ ನೋಡಿದರೆ ದಾಳಿಂಬೆಯಂಥ ದೊಡ್ಡ ದೊಡ್ಡ ಚೀಲಗಳು, ಒಳಗೆ ಸಾವಿರಾರು ಕಾಳು. ಬಹಳ ಕಾಲ ಇದನ್ನು ಶಿಲೀಂಧ್ರ ಅಂದುಕೊಂಡಿದ್ದರು. ಅನುವಂಶೀಯ ಪರೀಕ್ಷೆ ಬಂದ ಮೇಲೆ ಮೀನುಗಳ ಪರೋಪಜೀವಿಗಳ ಬಳಗಕ್ಕೆ ಸೇರಿಸಿದರು. ಇದನ್ನು ಮೊದಲ ಸಲ ನೋಡಿದ ದಿನ ನನಗೆ ಊರಿನ ಕೆರೆಯಲ್ಲಿ ಈಜಿದ್ದೆಲ್ಲ ನೆನಪಾಗಿ ಮೂಗು ಮುಟ್ಟಿಕೊಂಡೆ. ಮೈಯ ಸೈನ್ಯವೇ ತಿರುಗಿಬಿದ್ದು ತನ್ನ ರಕ್ತನಾಳಗಳನ್ನು ಕಡಿಯುವ ರೋಗಗಳೂ ಇವೆ. ಅಂಥವರ ಮೂಗಿನ ಪಕ್ಕ ತೂತಾದರೆ ಬರೀ ಹೊಲಿಗೆಯಿಂದ ಏನೂ ಸಾಗದು.

ಉರಿಯೂತವೇ ಇಲ್ಲದ ತೂತೂ ಉಂಟು. ಸುಮಾರು ಎರಡು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಹುಟ್ಟುವಾಗಲೇ ಕಣ್ಣಂಚಿನ ಕೆಳಗೆ ಸೂಜಿ ಚುಚ್ಚಿದಷ್ಟು ರಂಧ್ರ ಇರುತ್ತದೆ. ಕೆಂಪಿಲ್ಲ, ಕೀವಿಲ್ಲ. ಅತ್ತಾಗ ಒಂದು ಹನಿ ಅಲ್ಲಿಂದಲೂ ಬರುತ್ತದೆ, ಅಷ್ಟೇ. ತೊಂದರೆ ಕೊಡದಿದ್ದರೆ ಬಿಟ್ಟುಬಿಡುತ್ತಾರೆ.

ಮತ್ತೊಂದು ತದ್ವಿರುದ್ಧ. ಕಣ್ಣು ಕೆಂಡದ ಹಾಗೆ ಕೆಂಪು, ಮುಂದಕ್ಕೆ ಉಬ್ಬಿದೆ, ಆದರೆ ಕೀವಿಲ್ಲ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಮೆದುಳಿನ ಬುಡದಲ್ಲಿ ಅಪಧಮನಿಗೂ ಅಭಿಧಮನಿಯ ಕೊಳಕ್ಕೂ ನಡುವೆ ದಾರಿಯಾಗಿ, ರಕ್ತ ರಭಸದಿಂದ ಕಣ್ಣಿನ ಕಡೆ ಹಿಮ್ಮುಖ ನುಗ್ಗುತ್ತದೆ. ಇದಕ್ಕೂ ಫಿಸ್ಟುಲಾ ಅಂತಲೇ ಹೆಸರು. ರೋಗಿಗೆ ತಲೆಯೊಳಗೆ ನಾಡಿಯ ಲಯಕ್ಕೆ ಝುಸ್ ಝುಸ್ ಅಂತ ಕೇಳುತ್ತದೆ. ಇದನ್ನು ಕಣ್ಣುಬೇನೆ ಅಂದುಕೊಂಡು ತಿಂಗಳುಗಟ್ಟಲೆ ಹನಿ ಹಾಕಿಕೊಂಡವರಿದ್ದಾರೆ. ಈ ಕೆಂಪಿನಲ್ಲಿ ಸೈನಿಕರ ಪಾತ್ರವಿಲ್ಲ. ಪೆಟ್ಟು ಬಿದ್ದ ಮೇಲೆ ಕಣ್ಣು ಕೆಂಪಾಗಿ ಆ ಸದ್ದು ಕೇಳಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಿ.

ಕೊನೆಗೆ ಪ್ರಶ್ನೆಗಳು ಬಂದವು. ಬಾವು ಹಿಂಡಬಹುದೇ ಅಂತ ಒಬ್ಬರು ಕೇಳಿದರು. ಬೇಡ. ಮಂಗನ ಹುಣ್ಣಿನ ಕಥೆಯಾಗುತ್ತದೆ. ಅಲ್ಲಿನ ರಕ್ತನಾಳಗಳಿಗೆ ಕಣ್ಣುಗುಳಿಯ ಮೂಲಕ ಮೆದುಳಿನ ಬುಡದ ತನಕ ನಂಟಿದೆ. ಮೊಮ್ಮಗುವಿನ ಕಣ್ಣಲ್ಲಿ ಹುಟ್ಟಿದಾಗಿನಿಂದ ನೀರು ಅಂತ ಇನ್ನೊಬ್ಬರು. ಅದು ಬೇರೆ. ಕೊಳವೆಯ ಕೆಳತುದಿಯ ತೆಳು ಪರದೆ ತೆರೆದಿರುವುದಿಲ್ಲ. ಡಾಕ್ಟರು ತೋರಿಸಿಕೊಟ್ಟ ಹಾಗೆ ಮೂಗಿನ ಪಕ್ಕ ಒತ್ತಿ ತಿಕ್ಕಿದರೆ ಹೆಚ್ಚಿನ ಮಕ್ಕಳಿಗೆ ವರ್ಷದೊಳಗೆ ಸರಿಹೋಗುತ್ತದೆ.

ಆ ಮೆಸ್ಸಿನ ಅಮ್ಮ ಏನಾದರು ಅಂತ ಮುಂದಿನ ಸಾಲಿನ ಹುಡುಗಿ ಕೇಳಿದಳು. ರಿಪೋರ್ಟ್ ತೆಗೆದುಕೊಳ್ಳಲು ಅವರೇ ಬಂದಿದ್ದರು. ಕೆನ್ನೆಯ ಪಕ್ಕ ಸಣ್ಣ ಪಟ್ಟಿ, ಕಣ್ಣು ಒಣಗಿತ್ತು. ಡಾಕ್ಟರು ಅವತ್ತು ಒಳ್ಳೆಯ ಮೂಡಿನಲ್ಲಿದ್ದರು. ನೋಡ್ತೀರಾ ಅಂತ ನನ್ನ ಕುರ್ಚಿ ತೋರಿಸಿದರು. ಅಮ್ಮ ಕನ್ನಡಕ ತೆಗೆದು, ಸೆರಗು ಸರಿಮಾಡಿ, ಉಸಿರು ಹಿಡಿದು ಬಗ್ಗಿದರು.

"ಗುಲಾಬಿ ಸೀರೆ ಮೇಲೆ ಸಾಸಿವೆ ಚೆಲ್ಲಿದ ಹಾಗಿದೆ" ಅಂದರು. ಆಮೇಲೆ, "ಇದರಲ್ಲಿ ನನ್ನದು ಯಾವುದು, ರೋಗದ್ದು ಯಾವುದು?"

"ಎಲ್ಲವೂ ನಿಮ್ಮದೇ ಅಮ್ಮ" ಅಂದರು ಡಾಕ್ಟರು.

ಅವರು ಮತ್ತೊಮ್ಮೆ ಬಗ್ಗಿ, ಸ್ವಲ್ಪ ಹೊತ್ತು ನೋಡಿದರು.

"ಹಾಗಾದರೆ ಇಷ್ಟು ದಿನ ನಾನು ಬೈದದ್ದು ಯಾರಿಗೆ?"